ಮೊದಲು ಗಾಳಿ ನೋಡಿ, ಆಮೇಲೆ ಪೆಡಲ್ ತುಳಿಯಿರಿ

ಸೈಕಲ್ ಪದೇ ಪದೇ ಪಂಕ್ಚರ್ ಆಗುತ್ತದೆಂದು ರಸ್ತೆಯನ್ನು ಬೈಯುವ ಮೊದಲು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದೆಯೇ? ಹಾಗಿದ್ದರೆ ತಪ್ಪು ರಸ್ತೆಯದ್ದಷ್ಟೇ ಅಲ್ಲ.

ಗಾಳಿ ಕಡಿಮೆಯಿದ್ದಾಗ ಚಕ್ರ ಗುಂಡಿಯ ಅಂಚಿಗೆ ಬಡಿದರೆ, ಟ್ಯೂಬು ರಿಮ್ಮಿನಡಿ ಸಿಕ್ಕಿ ಹರಿಯುತ್ತದೆ. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಕಂಡರೆ ಅದು ಮುಳ್ಳಿನ ಕೆಲಸವಲ್ಲ, ಗಾಳಿಯ ಕೊರತೆ. ಸೈಕಲ್ ನಿಂತಲ್ಲೇ ಇದ್ದರೂ ಟ್ಯೂಬಿನ ಗಾಳಿ ಇಳಿಯುತ್ತದೆ. ವಾರಕ್ಕೊಮ್ಮೆ ತುಂಬಿಸಿ, ಎಷ್ಟು ಬೇಕೆಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ.

ರಸ್ತೆಯ ತೀರಾ ಅಂಚಿಗೆ ಇಳಿಯಬೇಡಿ. ವಾಹನಗಳು ಸರಿಸಿದ ಗಾಜು, ಮೊಳೆ, ತಂತಿಚೂರು ಬಂದು ಸೇರುವುದು ಅಲ್ಲೇ. ಬಯಲುಸೀಮೆಯಲ್ಲಾದರೆ ಬಳ್ಳಾರಿ ಜಾಲಿಯ ಮುಳ್ಳೂ ಜೊತೆಗಿರುತ್ತದೆ. ಮಳೆಗಾಲದಲ್ಲಿ ಇನ್ನಷ್ಟು ಎಚ್ಚರ ಬೇಕು: ಒದ್ದೆ ರಬ್ಬರನ್ನು ಗಾಜು ಸುಲಭವಾಗಿ ಕೊಯ್ಯುತ್ತದೆ.

ತೇಪೆ ಹಾಕಿಸಿದ ಮಾರನೆಯ ದಿನವೇ ಮತ್ತೆ ಗಾಳಿ ಹೋಯಿತೇ? ಹಳೆಯ ಮುಳ್ಳಿನ ತುದಿ ಟೈರಿನಲ್ಲೇ ಉಳಿದಿರಬಹುದು. ಟ್ಯೂಬ್ ಕೂರಿಸುವ ಮುನ್ನ ಟೈರಿನ ಒಳಮೈಯನ್ನು ಹಳೆಯ ಬಟ್ಟೆಯಿಂದ ಸುತ್ತಲೂ ಒರೆಸಿ. ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿದೆ. ತೂತು ರಿಮ್ಮಿನ ಕಡೆಗಿದ್ದರೆ ಕಡ್ಡಿಯ ತುದಿ ಚುಚ್ಚುತ್ತಿರಬಹುದು, ರಿಮ್ಮಿನ ಒಳಪಟ್ಟಿ ಬದಲಿಸಿ. ನೂಲು ಕಾಣುವಷ್ಟು ಸವೆದ ಟೈರನ್ನಂತೂ ಇಟ್ಟುಕೊಳ್ಳಲೇಬೇಡಿ.

ಹೊರಡುವ ಮುನ್ನ ಒಂದು ನಿಮಿಷ ಬಗ್ಗಿ ಟೈರು ನೋಡಿ. ಉರಿಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ನಡೆಯುವ ಕಷ್ಟವನ್ನು ಆ ಒಂದು ನಿಮಿಷ ತಪ್ಪಿಸುತ್ತದೆ.