ರಾಶಿಗೆ ಮೊದಲೇ ಮುಂದಿನ ಬಿತ್ತನೆಯ ಲೆಕ್ಕ

ಕಲಬುರಗಿ ಸೀಮೆಯಲ್ಲಿ ತೊಗರಿ ಬೆಳೆಯುವ ನಮ್ಮಲ್ಲಿ ಬಹಳಷ್ಟು ಮಂದಿ ಮುಂದಿನ ವರ್ಷದ ಯೋಚನೆ ಶುರು ಮಾಡುವುದು ಮಿರಗದ ಮಳೆ ಹತ್ತಿರ ಬಂದಾಗ. ಮೇ ಕೊನೆಗೆ ಬೀಜದ ಅಂಗಡಿ ಮುಂದೆ ನಿಂತು, ಅಕ್ಕಪಕ್ಕದವರು ಯಾವ ತಳಿ ಒಯ್ಯುತ್ತಾರೆ ಎಂದು ನೋಡಿ, ಅದನ್ನೇ ತಂದು ಬಿತ್ತುವುದು ರೂಢಿ. ಇಷ್ಟು ವರ್ಷದ ಒಕ್ಕಲುತನದಲ್ಲಿ ನನಗೆ ಮನದಟ್ಟಾದ ಮಾತೆಂದರೆ, ಆ ಲೆಕ್ಕ ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲೇ ಆಗಬೇಕು, ಗಿಡ ಇನ್ನೂ ಹೊಲದಲ್ಲಿ ನಿಂತಿರುವಾಗಲೇ. ಯಂತ್ರ ಹೊಲಕ್ಕಿಳಿದು ರಾಶಿ ಮುಗಿದ ಮೇಲೆ ಯಾವ ಮೂಲೆಯಲ್ಲಿ ಏನಾಗಿತ್ತು ಎಂಬುದರ ಗುರುತೇ ಉಳಿಯುವುದಿಲ್ಲ. ಎಕರೆಗೆ ಎಷ್ಟು ಬಂತು ಎಂಬುದನ್ನು ಚೀಲ ಹೇಳುತ್ತದೆ. ಅಷ್ಟೇ ಯಾಕೆ ಬಂತು ಎಂಬುದನ್ನು ಹೇಳಲು ನಿಂತ ಗಿಡವೇ ಬೇಕು.

ಹಾಗಾಗಿ ಚರಗ ಚೆಲ್ಲಿ ಬಂದ ಮೇಲೆ, ಕಾಯಿ ಮುಕ್ಕಾಲು ಪಾಲು ಕಂದು ಬಣ್ಣಕ್ಕೆ ತಿರುಗಿದಾಗ, ಒಡ್ಡಿನಿಂದ ಒಡ್ಡಿಗೆ ಸಾಲು ಹಿಡಿದು ನಡೆಯುತ್ತೇನೆ. ಕೈಯಲ್ಲಿ ಕುಡಗೋಲು, ಕಿಸೆಯಲ್ಲಿ ಹೊಲದ ಚಿತ್ರ ಬರೆದ ಒಂದು ಹಾಳೆ.

ಒಣಗಿದ ಗಿಡ ಕಂಡರೆ ‘ತೇವ ಸಾಲಲಿಲ್ಲ’ ಎಂದು ಮುಂದೆ ಹೋಗಬಾರದು. ಬುಡಸಮೇತ ಕಿತ್ತು, ಬೇರಿನ ಕಡೆಯಿಂದ ಮೇಲಕ್ಕೆ ಕಾಂಡವನ್ನು ಉದ್ದುದ್ದ ಸೀಳಬೇಕು. ಸಿಪ್ಪೆಯ ಕೆಳಗಿನ ಕಟ್ಟಿಗೆ ಬೆಳ್ಳಗಿದ್ದರೆ ಕಾರಣ ಬೇರೆ ಇರುತ್ತದೆ. ಕಂದು-ಕಪ್ಪು ಗೆರೆಗಳು ಬುಡದಿಂದ ಮೇಲಕ್ಕೆ ಹರಿದಿದ್ದರೆ ಅದು ನೆಟೆ ರೋಗ. ಎಷ್ಟೋ ಗಿಡಗಳಲ್ಲಿ ಸೀಳುವ ಮೊದಲೇ ಕಾಂಡದ ಒಂದು ಮಗ್ಗುಲಿಗೆ ನೇರಳೆ ಪಟ್ಟಿ ಏರಿರುವುದು ಕಾಣುತ್ತದೆ. ಆ ಮಗ್ಗುಲಿನ ಟೊಂಗೆ ಒಣಗಿ, ಇನ್ನೊಂದು ಮಗ್ಗುಲು ಹಸಿರಾಗಿಯೇ ಇರುತ್ತದೆ. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು, ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಹೂ-ಕಾಯಿ ಹೊತ್ತಿಗೆ ಅದರ ಹಾವಳಿ ಜೋರು. 2022ರ ಹಂಗಾಮಿನಲ್ಲಿ ಕಾಯಿ ಕಟ್ಟುವ ಹೊತ್ತಿಗೆ ನಮ್ಮ ಜಿಲ್ಲೆಯ ಹೊಲಗಳು ಹಾಗೆ ಒಣಗಿ ನಿಂತದ್ದನ್ನು ಯಾರೂ ಮರೆತಿಲ್ಲ.

ತಗ್ಗಿನ ಕಡೆ, ನೀರು ನಿಂತಲ್ಲಿ, ಕಾಂಡದ ಮೇಲೆ ಕಂದು ಗಾಯವಾಗಿ ಗಿಡ ಅಲ್ಲೇ ಮುರಿದು ಬಿದ್ದಿದ್ದರೆ ಅದು ಬೇರೆ ಜಾತಿಯ ರೋಗ. ಅಲ್ಲಿಗೆ ಬೇಕಾದ ಮದ್ದು ಬಸಿಗಾಲುವೆ. ಎರಡನ್ನೂ ಒಂದೇ ಎಂದು ತಿಳಿದು ಒಂದೇ ಔಷಧ ತಂದರೆ ದುಡ್ಡು ಮಣ್ಣುಪಾಲು. ಅದಕ್ಕೇ ನೆಟೆ ಬಿದ್ದ ಜಾಗಕ್ಕೆ ಒಂದು ಗುರುತು, ನೀರು ನಿಂತ ಜಾಗಕ್ಕೆ ಇನ್ನೊಂದು ಗುರುತನ್ನು ಹಾಳೆಯಲ್ಲಿ ಹಾಕುತ್ತೇನೆ. ಯಾವ ಒಡ್ಡಿನಿಂದ ಎಷ್ಟು ಹೆಜ್ಜೆ ಎಂಬುದನ್ನೂ ಬರೆದಿಡುತ್ತೇನೆ.

ಮೂರನೆಯದು ಗೊಡ್ಡು ರೋಗ. ಉಳಿದ ಗಿಡಗಳೆಲ್ಲ ಹಣ್ಣಾಗುವಾಗ ಒಂದು ಗಿಡ ಮಾತ್ರ ಹಸಿರು ಪೊದೆಯಾಗಿ, ಹೂವೂ ಕಾಯಿಯೂ ಇಲ್ಲದೆ ನಿಂತಿರುತ್ತದೆ. ಎಲೆ ಸಣ್ಣದಾಗಿ, ತಿಳಿಹಸಿರು ಮಚ್ಚೆ ಬಿದ್ದಿರುತ್ತದೆ. ಈ ನಂಜನ್ನು ಹರಡುವುದು ಬರಿಗಣ್ಣಿಗೆ ಕಾಣದ ನುಸಿ. ಬೇಸಿಗೆಯಲ್ಲಿ ಒಡ್ಡಿನ ಮೇಲೆ ಚಿಗುರುವ ಕೂಳೆ ತೊಗರಿ, ತಾನಾಗಿ ಹುಟ್ಟಿದ ಗಿಡಗಳು ನುಸಿಗೂ ನಂಜಿಗೂ ಮುಂದಿನ ಮುಂಗಾರಿನವರೆಗೆ ಆಸರೆ ಕೊಡುತ್ತವೆ. ದನಕ್ಕೆ ನಾಲ್ಕು ಎಲೆಯಾದೀತು ಎಂದು ಅವನ್ನು ಉಳಿಸಿಕೊಂಡವರ ಹೊಲದಲ್ಲೇ ಮುಂದಿನ ವರ್ಷ ಗೊಡ್ಡು ಮೊದಲು ಕಾಣಿಸಿಕೊಳ್ಳುತ್ತದೆ. ಕೊಯ್ಲಾದ ವಾರದೊಳಗೆ ಒಡ್ಡು ಸ್ವಚ್ಛವಾಗಬೇಕು.

ಆಮೇಲೆ ಕಾಯಿ ಪರೀಕ್ಷೆ. ಹೊಲದ ಬೇರೆ ಬೇರೆ ಕಡೆಯಿಂದ ಒಂದೊಂದು ಹಿಡಿ ಕಾಯಿ ಕಿತ್ತು ಬಿಡಿಸಿ ನೋಡುತ್ತೇನೆ. ದೊಡ್ಡ ದುಂಡು ತೂತಿದ್ದರೆ ಕಾಯಿಕೊರಕದ ಕೆಲಸ. ಸೂಜಿ ಮೊನೆಯಷ್ಟು ಸಣ್ಣ ತೂತು, ಒಳಗೆ ಕಾಳು ಸವೆದು ಕೊಳೆತಂತಿದ್ದರೆ ಕಾಯಿನೊಣದ್ದು. ಮೊದಲನೆಯದು ಹೆಚ್ಚಾಗಿದ್ದರೆ ಮುಂದಿನ ಸಲ ಹೂವಿಗೆ ಮುಂಚೆಯೇ ಮೋಹಕ ಬಲೆ ಕಟ್ಟಿ ಪತಂಗದ ಮೇಲೆ ಕಣ್ಣಿಡಬೇಕು. ನಮ್ಮ ಹಿರಿಯರು ಮಾಡುತ್ತಿದ್ದಂತೆ ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ಬಟ್ಟೆಗೆ ಕೀಡೆ ಬೀಳಿಸಲು ಆಳನ್ನೂ ಗೊತ್ತು ಮಾಡಿಕೊಳ್ಳಬೇಕು. ಎರಡನೆಯದು ಹೆಚ್ಚಿದ್ದರೆ ತಡವಾಗಿ ಬರುವ ತಳಿ ಆ ಹೊಲಕ್ಕೆ ಒಗ್ಗುವುದಿಲ್ಲ ಎಂದೇ ಅರ್ಥ.

ತಳಿಯ ಆಯ್ಕೆ ಈ ಹಾಳೆಯಿಂದಲೇ ಹುಟ್ಟುತ್ತದೆ. 1980ರ ದಶಕದಲ್ಲಿ ಬಂದ ಮಾರುತಿ ತಳಿ ನೆಟೆಯನ್ನು ತಡೆದು ಎಷ್ಟೋ ಮನೆ ಉಳಿಸಿತು, ಆದರೆ ಗೊಡ್ಡು ರೋಗವನ್ನು ತಾಳುವುದಿಲ್ಲ. ಆಶಾ, ಬಿಎಸ್‌ಎಂಆರ್-736 ಎರಡು ರೋಗವನ್ನೂ ತಡೆದುಕೊಳ್ಳುತ್ತವೆ, ಆದರೆ ಬೆಳೆಯಲು ಹೆಚ್ಚು ದಿನ ಬೇಡುತ್ತವೆ. ಆಳವಾದ ಎರೆ ಭೂಮಿಗೆ ಅವು ಸರಿ. ತೇವ ಬೇಗ ಆರುವ ಹಗುರ ಭೂಮಿಗೆ ಟಿಎಸ್-3ಆರ್‌ನಂಥ ಬೇಗ ಬರುವ ತಳಿಯೇ ಮೇಲು. ಒಂದೇ ಊರಿನ ಎರಡು ಹೊಲಕ್ಕೆ ಎರಡು ತಳಿ ಬೇಕಾಗಬಹುದು. ಇದನ್ನು ಅಂಗಡಿಯವರು ಹೇಳಲಾರರು.

ನೆಟೆ ಗುರುತು ದಟ್ಟವಾಗಿರುವ ಕಡೆ ಮಾತ್ರ ತಳಿ ಬದಲಿಸಿದರೆ ಸಾಲದು. ಆ ಶಿಲೀಂಧ್ರ ಹಳೆಯ ಬೇರು-ಬುಡದಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಬಿತ್ತಿ ತೊಗರಿಗೆ ಬಿಡುವು ಕೊಡುತ್ತೇನೆ. ಜೋಳದ ಸರದಿಯಿಂದ ನೆಟೆ ಇಳಿಯುತ್ತದೆ ಎಂಬುದನ್ನು ಪಟಾಂಚೆರುವಿನ ಇಕ್ರಿಸ್ಯಾಟ್ ಪ್ರಯೋಗಗಳೂ ತೋರಿಸಿವೆ. ಜೋಳ ಬಂದರೆ ಮನೆಗೆ ರೊಟ್ಟಿ, ದನಕ್ಕೆ ಕಣಿಕೆ. ಒಂದು ವರ್ಷ ತೊಗರಿ ಬಿಟ್ಟ ನಷ್ಟ ಹೆಚ್ಚು ಕಾಡುವುದಿಲ್ಲ.

ಕೊಯ್ಲಿನ ಕ್ರಮವೂ ಇದಕ್ಕೆ ತಕ್ಕಂತೆ ಇರಬೇಕು. ಮೊದಲು ಬೀಜದ ತೊಗರಿ. ರೋಗ ಕಾಣದ ಹೊಲದ ನಡುಭಾಗದಲ್ಲಿ, ಕಾಯಿ ಸಿಡಿಯದಂತೆ ಬೆಳಗಿನ ಇಬ್ಬನಿ ಇರುವಾಗಲೇ ಕೈಯಿಂದ ಕೊಯ್ದು ಬೇರೆ ಒಟ್ಟುತ್ತೇವೆ. ತೊಗರಿ ಹೂವಿಗೆ ಜೇನು ಮುತ್ತುವುದರಿಂದ ಪಕ್ಕದ ಹೊಲದ ತಳಿ ಅಂಚಿನ ಸಾಲುಗಳಲ್ಲಿ ಬೆರೆಯುತ್ತದೆ, ಆ ಸಾಲಿನದು ಬೀಜಕ್ಕೆ ಬೇಡ. ನೆಟೆ ಬಿದ್ದ ಪಟ್ಟಿಯನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕು. ಅಲ್ಲಿನ ಒಣ ಗಿಡಗಳನ್ನು ಬುಡಸಮೇತ ಕಿತ್ತು ಸುಡುವುದೇ ಲೇಸು, ತಿಪ್ಪೆಗೆ ಹಾಕಿದರೆ ರೋಗವನ್ನು ಗೊಬ್ಬರದ ಜೊತೆ ಇಡೀ ಹೊಲಕ್ಕೆ ಹರವಿದಂತೆ. ಬಾಡಿಗೆ ಯಂತ್ರ ಊರೂರು ತಿರುಗಿ ಬರುತ್ತದೆ. ಅದಕ್ಕಂಟಿದ ಮಣ್ಣು, ಕಡ್ಡಿಯನ್ನು ಒಡ್ಡಿನ ಹೊರಗೇ ಕೊಡವಿಸಿ ಒಳಗೆ ಬಿಡಬೇಕು. ರೋಗವಿಲ್ಲದ ಕಡೆಯ ಉದುರೆಲೆ, ಕೂಳೆಗೆ ಮಾತ್ರ ಬೆಂಕಿ ಇಡಬಾರದು, ಅದು ನೆಲಕ್ಕೇ ಸೇರಬೇಕು.

ಕಾಳನ್ನು ಹಲ್ಲಿನಲ್ಲಿ ಕಡಿದರೆ ಟಕ್ಕನೆ ಒಡೆಯುವಷ್ಟು ಒಣಗಿಸದೆ ಚೀಲಕ್ಕೆ ತುಂಬಬಾರದು. ಕಾಳು ಕೊರೆಯುವ ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟು, ನಮ್ಮ ಜೊತೆಗೇ ಮನೆಗೆ ಬಂದಿರುತ್ತದೆ. ಖರೀದಿ ಕೇಂದ್ರದಲ್ಲಿಯೂ ತೇವಾಂಶ ಶೇ 12 ಮೀರಿದರೆ ತೊಗರಿ ತಿರಸ್ಕೃತ.

ಹೊಲ ಖಾಲಿಯಾದ ಕೂಡಲೇ ಮಣ್ಣಿನ ಮಾದರಿ. ಹಲವು ಕಡೆ ಅರ್ಧ ಅಡಿ ಆಳಕ್ಕೆ ಗುಂಡಿ ತೋಡಿ, ಗೋಡೆಯ ಮಣ್ಣು ಕೆರೆದು, ಬೆರೆಸಿ, ನಾಲ್ಕು ಪಾಲು ಮಾಡುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ ಕೊಡುತ್ತೇನೆ. ಈಗ ಕೊಟ್ಟರೆ ಫಲಿತಾಂಶ ಗೊಬ್ಬರ ಕೊಳ್ಳುವ ಮೊದಲೇ ಕೈಗೆ ಬರುತ್ತದೆ. ಆಮೇಲೆ ಮಾಗಿ ಉಳುಮೆ.

ಇನ್ನು ಧಾರಣೆಯ ಮಾತು. ತೊಗರಿಯ ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಲಿಗೆ 7,550 ರೂಪಾಯಿ ಇತ್ತು, 2025-26ಕ್ಕೆ 8,000 ಆಯಿತು. ಪೇಟೆಯ ಧಾರಣೆಯನ್ನು ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದ ಬರುವ ಕಾಳು ಮೇಲೆ-ಕೆಳಗೆ ಮಾಡುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಎಷ್ಟು ಮಾರಬೇಕು, ಎಷ್ಟು ಇಟ್ಟುಕೊಳ್ಳಬೇಕು ಎಂಬುದನ್ನು ಧಾರಣೆ ನೋಡಿ ತೀರ್ಮಾನಿಸೋಣ. ಏನು ಬಿತ್ತಬೇಕೆಂಬುದನ್ನು ಹೊಲ ನೋಡಿಯೇ ತೀರ್ಮಾನಿಸಬೇಕು. ಜನವರಿಯ ದರಕ್ಕೆ ಮರುಳಾಗಿ ನೆಟೆ ಹೊಲಕ್ಕೆ ಮತ್ತೆ ತೊಗರಿ ಬಿತ್ತಿದರೆ ಮುಂದಿನ ಜನವರಿಯಲ್ಲಿ ದರ ಎಷ್ಟಿದ್ದರೇನು, ಮಾರಲು ಕಾಳೇ ಇರುವುದಿಲ್ಲ.

ಈಗ ಸೀಮೆಯ ಎಷ್ಟೋ ಹೊಲಗಳು ಲಾವಣಿ ಮೇಲೆ ಕೈ ಬದಲಾಗುತ್ತಿವೆ. ಮಾಡುವವನು ಬದಲಾದಾಗ ಆ ಹೊಲದ ತಿಳಿವಳಿಕೆಯೂ ಅವನೊಂದಿಗೆ ಹೋಗಿಬಿಡುತ್ತದೆ, ಹೊಸಬ ಮತ್ತೆ ಮೊದಲಿನಿಂದ ಪೆಟ್ಟು ತಿನ್ನುತ್ತಾನೆ. ಹೊಲ ಕೊಡುವವರಲ್ಲಿಯೂ ಮಾಡುವವರಲ್ಲಿಯೂ ನನ್ನದೊಂದು ಕೋರಿಕೆ: ಈ ವರ್ಷ ರಾಶಿಗೆ ಮೊದಲು ಒಂದು ಹಾಳೆ ಬರೆಯಿರಿ, ಹೊಲದ ಕರಾರಿನ ಜೊತೆ ಅದನ್ನೂ ಕೊಡಿ, ಕೇಳಿ ತೆಗೆದುಕೊಳ್ಳಿ.