ಕೌದಿ ಹೊಲಿಗೆಗೆ ಗುರುತು ಹಾಕುವ ಸಾಧನಗಳು: ಪರೀಕ್ಷೆಗೆ ಮುಖ್ಯಾಂಶಗಳು

ಶಿವನಸಮುದ್ರದ ಬ್ಲಫ್, ಮಳವಳ್ಳಿ, ಮದ್ದೂರು ಕಡೆಯಿಂದ ಐಟಿಐ ಹೊಲಿಗೆ ಮತ್ತು ಕಸೂತಿ ಟ್ರೇಡ್‌ಗಳ ಪರೀಕ್ಷೆ ಬರೆಯುವವರು ಬಸ್ಸಿನಲ್ಲಿ ಕೂತು ಒಮ್ಮೆ ಕಣ್ಣಾಡಿಸಲಿ ಎಂದು ಈ ಟಿಪ್ಪಣಿ. ಪುಸ್ತಕದಲ್ಲಿ ಈ ವಿಷಯಕ್ಕೆ ಹೆಚ್ಚು ಜಾಗವಿಲ್ಲ. ಆದರೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊಲಿಗೆ ಎಷ್ಟೇ ಅಚ್ಚುಕಟ್ಟಾಗಿರಲಿ, ಬಟ್ಟೆಯ ಮೇಲೆ ಉಳಿದುಹೋದ ಗೆರೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ.

ಮೊದಲು ನೆನಪಿಡಬೇಕಾದದ್ದು

ಗೆರೆ ಹೇಗೆ ಹೋಗುತ್ತದೆ ಎಂದು ಮೊದಲು ಕೇಳಿ, ಹೇಗೆ ಕಾಣುತ್ತದೆ ಎಂದು ಆಮೇಲೆ. ಸಾಧನಗಳ ಆಯ್ಕೆ ಪೂರ್ತಿ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಕೊಡವಿದರೆ ಹೋಗುವುದು ಬಳಪ. ನೀರಿಗೆ ಹೋಗುವುದು ನೀಲಿ ಪೆನ್ನು. ಗಾಳಿಗೆ ತಾನೇ ಮಾಯವಾಗುವುದು ನೇರಳೆ ಪೆನ್ನು. ಬಿಸಿಗೆ ಹೋಗುವುದು ಫ್ರಿಕ್ಷನ್ ಪೆನ್ನು. ಬಣ್ಣವನ್ನೇ ಬಿಡದೆ ಬರೀ ಮಡಿಕೆಯಾಗಿ ಕಾಣುವುದು ಹೇರಾ. ಬಾಲ್ ಪೆನ್ನು ಮತ್ತು ಆಫೀಸಿನ ಕಾರ್ಬನ್ ಕಾಗದದ ಗುರುತು ಸುಲಭಕ್ಕೆ ಹೋಗುವುದಿಲ್ಲ, ಇವೆರಡನ್ನು ಮುಟ್ಟಲೇಬೇಡಿ.

ಕೌದಿಗೆ ಈ ಎಚ್ಚರಿಕೆ ರವಿಕೆಗಿಂತ ಹೆಚ್ಚು ಬೇಕು. ರವಿಕೆಯಲ್ಲಿ ಗೆರೆ ಒಳಬದಿಗೆ ಬಿದ್ದು ಮುಚ್ಚಿಹೋಗುತ್ತದೆ. ಕೌದಿಯಲ್ಲಿ ಗೆರೆ ಬೀಳುವುದೇ ಮೇಲ್ಮೈಗೆ, ಅದರ ಮೇಲೆ ಬರುವ ಹೊಲಿಗೆಯೋ ಬಿಡಿಬಿಡಿ ಟಾಕು. ಎರಡು ಟಾಕಿನ ನಡುವೆ ಗೆರೆ ಇಣುಕುತ್ತಲೇ ಇರುತ್ತದೆ.

ಬಳಪ ಮತ್ತು ಚಾಕ್

ಟೈಲರ್ ಚಾಕ್‌ನಲ್ಲಿ ಮುಖ್ಯವಾಗಿ ಎರಡು ಬಗೆ, ಉತ್ತರದಲ್ಲಿ ಇವನ್ನು ಬೇರೆಬೇರೆಯಾಗಿಯೇ ಬರೆಯಬೇಕು: ಕಲ್ಲು ಅಥವಾ ಜೇಡಿಯದು ಒಂದು, ಮೇಣದ್ದು ಇನ್ನೊಂದು. ಪಠ್ಯದಲ್ಲಿ ಫ್ರೆಂಚ್ ಚಾಕ್ ಎಂದು ಬರುವುದು ಟಾಲ್ಕ್ ಖನಿಜ, ರಾಸಾಯನಿಕವಾಗಿ ಮೆಗ್ನೀಷಿಯಂ ಸಿಲಿಕೇಟ್. ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಗಡಸುತನದ ಪಟ್ಟಿಯಲ್ಲಿ ವಜ್ರಕ್ಕೆ 10, ಟಾಲ್ಕ್‌ಗೆ 1. ಇಷ್ಟು ಮೆದುವಾದ್ದರಿಂದಲೇ ಅದು ನೂಲನ್ನು ಗೀರದೆ ಪುಡಿಯನ್ನು ಮಾತ್ರ ಬಿಟ್ಟುಹೋಗುತ್ತದೆ. ಮಳವಳ್ಳಿಯವರಿಗೆ ದೂರವೇನಲ್ಲದ ಸೋಮನಾಥಪುರದ ಕೇಶವ ದೇವಾಲಯವನ್ನು ಕೆತ್ತಿದ್ದು ಈ ಬಳಗದ್ದೇ ಆದ ಬಳಪದ ಕಲ್ಲಿನಲ್ಲಿ. ಉಳಿಗೆ ಒದಗಿದ ಮೆದುತನವೇ ಬಟ್ಟೆಗೂ ಒದಗಿತು.

ಮೇಣದ ಚಾಕ್ ಉಣ್ಣೆಗೆ ಸರಿ. ಹತ್ತಿಗೆ, ಅದಕ್ಕಿಂತ ಮುಖ್ಯವಾಗಿ ರೇಷ್ಮೆಗೆ, ಬೇಡ. ಇಸ್ತ್ರಿಯ ಬಿಸಿಗೆ ಮೇಣ ಕರಗಿ ನೂಲಿನೊಳಗೆ ಇಳಿದು ಎಣ್ಣೆ ಕಲೆಯಾಗಿ ಕೂರುತ್ತದೆ.

ಚಾಕ್‌ನ ದೊಡ್ಡ ದೋಷ ಅದರ ದಪ್ಪ. ಅಂಚು ಸವೆದ ಚಾಕ್ 2 ಮಿಲಿಮೀಟರ್ ಅಗಲದ ಗೆರೆ ಎಳೆಯುತ್ತದೆ ಎಂದುಕೊಳ್ಳಿ. ಪ್ರತಿ ಸಾಲನ್ನೂ ಹಿಂದಿನ ಗೆರೆಯ ಹೊರಅಂಚಿನಿಂದ ಅಳೆಯುತ್ತ ಹೋದರೆ 20 ಸಾಲಿಗೆ 4 ಸೆಂಟಿಮೀಟರ್ ಎಡವಟ್ಟು. ಇದಕ್ಕೆ ಮದ್ದು ಎರಡು: ಬ್ಲೇಡಿನಿಂದ ಅಂಚು ಕೆರೆದು ಹರಿತ ಮಾಡುವುದು, ಎಲ್ಲ ಸಾಲನ್ನೂ ಬಟ್ಟೆಯ ಒಂದೇ ಅಂಚಿನಿಂದ ಅಳೆಯುವುದು. ಚಾಕ್ ಪುಡಿ ತುಂಬಿದ ಹಲ್ಲುಚಕ್ರದ ಡಬ್ಬಿಯೂ ಸಿಗುತ್ತದೆ, ಅದರ ಗೆರೆ ಸಣ್ಣಗೆ ಬೀಳುತ್ತದೆ. ಅಳಿಸಿ ಹೋಗುವುದೂ ಅಷ್ಟೇ ಬೇಗ, ಒಂದು ಸಲಕ್ಕೆ ಹೊಲಿಯುವಷ್ಟನ್ನೇ ಎಳೆದುಕೊಳ್ಳಿ.

ಮನೆಯಲ್ಲಿ ಹೊಲಿಯುವವರ ಕೈಯಲ್ಲಿರುವುದು ಸವೆದ ಸೋಪಿನ ಚೂರು. ಗಾಢ ಬಣ್ಣದ ಹತ್ತಿ ಬಟ್ಟೆಗೆ ಅದು ಚಾಕ್‌ಗಿಂತ ಚೂಪಾದ ಗೆರೆ ಕೊಡುತ್ತದೆ, ತೊಳೆದರೆ ಹೋಗುತ್ತದೆ. ಬಿಳಿ ಸೋಪಾಗಿರಬೇಕು, ಬಣ್ಣದ್ದು, ಕ್ರೀಮ್ ಹೆಚ್ಚಿರುವುದು ಕಲೆ ಬಿಡಬಹುದು.

ಮೂರು ಪೆನ್ನು, ಮೂರು ಗುಣ

ಅಂಕ ತಪ್ಪುವುದು ಇವನ್ನು ಒಂದಕ್ಕೊಂದು ಬೆರೆಸಿಕೊಂಡಾಗ.

ನೀಲಿ ಪೆನ್ನು ತಣ್ಣೀರಿಗೆ ಹೋಗುತ್ತದೆ. ಗೆರೆ ಇರುವಾಗಲೇ ಇಸ್ತ್ರಿ ಇಟ್ಟರೆ ಮಾತ್ರ ಅದು ಕಂದಾಗಿಯೋ ಹಳದಿಯಾಗಿಯೋ ನಿಂತುಬಿಡಬಹುದು. ಸೋಪಿನ ಪುಡಿ ಹಾಕಿದ ನೀರಿಗೆ ನೇರವಾಗಿ ಅದ್ದುವುದೂ ಸರಿಯಲ್ಲ. ಕ್ರಮ ಹೀಗೆ ಬರೆಯಿರಿ: ಮೊದಲು ಬರೀ ತಣ್ಣೀರು, ಆಮೇಲೆ ಸೋಪು, ಕಡೆಗೆ ಇಸ್ತ್ರಿ. ಬೆರಳಿನಿಂದ ಒಂದು ಹನಿ ನೀರು ಇಟ್ಟು ನೋಡಿದವರಿಗೆ ಇದರ ಆಟ ಗೊತ್ತು. ಹನಿ ಬಿದ್ದ ಕಡೆ ಗೆರೆ ಒಂದು ಕ್ಷಣ ಗಾಢವಾಗಿ, ಅಂಚಿಗೆ ಹರಡಿ, ಇಲ್ಲವಾಗುತ್ತದೆ. ಬಟ್ಟೆ ಒಣಗಿದ ಮೇಲೆ ಅದೇ ಜಾಗದಲ್ಲಿ ತಿಳಿನೀಲಿಯ ಒಂದು ಬಳೆ ಕಾಣುತ್ತದೆ. ಬಣ್ಣ ಹೋಗಿರಲಿಲ್ಲ, ಕೆಳಗಿನ ಪದರಕ್ಕೆ ಇಳಿದಿತ್ತು. ಒಣಗುವಾಗ ನೀರಿನ ಜೊತೆ ಮತ್ತೆ ಮೇಲೆ ಬಂತು. ಒಂಟಿ ಬಟ್ಟೆಗಿಂತ ಮೂರು ಪದರದ ಕೌದಿಯಲ್ಲಿ ಈ ಕಾಟ ಹೆಚ್ಚು. ಆದ್ದರಿಂದ ಹನಿ ಸಿಂಪಡಿಸಿ ಸುಮ್ಮನಾಗದೆ ಇಡೀ ಕೌದಿಯನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿ ಜಾಲಿಸಬೇಕು. ನೀರು ಬಿದ್ದರೆ ಕಲೆಯಾಗುವ ರೇಷ್ಮೆಗೆ ಈ ಪೆನ್ನು ತರವಲ್ಲ.

ನೇರಳೆ ಪೆನ್ನಿನ ಗೆರೆ ಗಾಳಿಯ ತೇವಕ್ಕೆ ಒಂದೆರಡು ದಿನದಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ, ತಾನೇ ಮಾಯ. ತೇವ ಹೆಚ್ಚಿದಷ್ಟೂ ಬೇಗ. ಕಾವೇರಿ ತುಂಬಿ ಗಗನಚುಕ್ಕಿ ಜಲಪಾತದ ತುಂತುರು ಎದ್ದಿರುವ ಮಳೆಗಾಲದಲ್ಲಿ ಬ್ಲಫ್‌ನ ಮನೆಯೊಳಗೆ ಕೂತು ಇದರಿಂದ ಇಡೀ ಕೌದಿಗೆ ಗೆರೆ ಎಳೆಯುವುದು ವ್ಯರ್ಥ. ಅರ್ಧ ಹೊಲಿಯುವಷ್ಟರಲ್ಲಿ ಉಳಿದರ್ಧ ಖಾಲಿ. ಕೂತಲ್ಲೇ ಹೊಲಿದು ಮುಗಿಸುವ ಒಂದು ಹೂವಿಗೋ ಒಂದು ಮೂಲೆಗೋ ಮಾತ್ರ ಇದು. ಗೆರೆ ಕಾಣದಾದರೂ ಶಾಯಿಯ ರಾಸಾಯನಿಕ ಬಟ್ಟೆಯಲ್ಲಿ ಉಳಿದಿರುತ್ತದೆ, ಆದ್ದರಿಂದ ತೊಳೆಯುವ ಮುನ್ನ ಇಸ್ತ್ರಿ ಇಲ್ಲಿಯೂ ಬೇಡ.

ಫ್ರಿಕ್ಷನ್ ಜಪಾನಿನ ಪೈಲಟ್ ಕಂಪನಿಯ ಪೆನ್ನು, 2006ರಲ್ಲಿ ಮೊದಲು ಯುರೋಪಿನ ಮಾರುಕಟ್ಟೆಗೆ ಬಂತು. ಮಾಡಿದ್ದು ಕಾಗದಕ್ಕೆ, ಬಟ್ಟೆಗೆ ಎಳೆದುಕೊಂಡವರು ಹೊಲಿಯುವವರು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಇದರ ಶಾಯಿ ಬಣ್ಣ ಕಳೆದುಕೊಳ್ಳುತ್ತದೆ. ಇಸ್ತ್ರಿ ಪೆಟ್ಟಿಗೆಯ ಒಂದು ಚುಕ್ಕಿಯ ಗುರುತೇ ಸುಮಾರು 110 ಡಿಗ್ರಿ, ಮೂರು ಚುಕ್ಕಿ 200. ಹಾಗಾಗಿ ಕಡಿಮೆ ಬಿಸಿಯೇ ಸಾಕು. ಬಣ್ಣ ಹೋಗುತ್ತದೆ, ಶಾಯಿ ಹೋಗುವುದಿಲ್ಲ ಎಂಬ ವ್ಯತ್ಯಾಸ ಉತ್ತರದಲ್ಲಿ ಬರಲೇಬೇಕು. ಶೂನ್ಯಕ್ಕಿಂತ ಕೆಳಗೆ 10 ಡಿಗ್ರಿಯ ಸುಮಾರಿಗೆ ಗೆರೆ ಮರಳಿ ಮೂಡತೊಡಗುತ್ತದೆ, 20ರ ಹೊತ್ತಿಗೆ ಪೂರ್ತಿ. ಮಂಡ್ಯ ಜಿಲ್ಲೆಯಲ್ಲಿ ಇದರ ಭಯವಿಲ್ಲ. ಆದರೆ ಮಗಳ ಬಾಣಂತನಕ್ಕೆಂದು ಟೊರಾಂಟೊಗೋ ಮಿನಿಯಾಪೊಲಿಸ್‌ಗೋ ಹೊರಟ ತಾಯಿ ಹೊಲಿದು ಒಯ್ದ ಕೂಸಿನ ಕೌದಿ, ಜನವರಿಯ ಒಂದು ರಾತ್ರಿ ಕಾರಿನ ಡಿಕ್ಕಿಯಲ್ಲಿ ಉಳಿದರೆ, ಬೆಳಗ್ಗೆ ಎಲ್ಲ ಗೆರೆಯೂ ಹಾಜರ್. ಗಾಢ ಬಣ್ಣದ ಬಟ್ಟೆಯ ಮೇಲಂತೂ ಬಿಸಿ ತಗುಲಿದ ಬಳಿಕವೂ ಬಿಳಚು ಗೆರೆ ಉಳಿಯಬಹುದು.

  

ಟ್ರೇಸಿಂಗ್: ಸೀಮೆಎಣ್ಣೆ, ಜಿಂಕ್, ನೀಲಿ

ಒಂದೇ ಹೂವು ಹತ್ತು ಕಡೆ ಬರಬೇಕೆಂದರೆ ಕೈಯಲ್ಲಿ ಬರೆಯುವವರಿಲ್ಲ. ಆರಿ ವರ್ಕ್ ಮಾಡುವ ಅಂಗಡಿಗಳ ವಿಧಾನವೇ ಕೌದಿಗೂ ನಡೆಯುತ್ತದೆ. ಟ್ರೇಸಿಂಗ್ ಕಾಗದದ ಮೇಲೆ ಡಿಸೈನ್ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚುತ್ತಾರೆ. ಹಿಂಬದಿಗೆ ಎದ್ದ ಉಬ್ಬನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದರೆ ತೂತು ತೆರೆದುಕೊಳ್ಳುತ್ತದೆ. ಗಾಢ ಬಟ್ಟೆಗೆ ಜಿಂಕ್ ಪುಡಿ, ತಿಳಿ ಬಟ್ಟೆಗೆ ನೀಲಿ. ಯಾವುದೇ ಆದರೂ ಸೀಮೆಎಣ್ಣೆಯಲ್ಲಿ ಕಲಸಿ, ಬಟ್ಟೆಯುಂಡೆಗೆ ಹಚ್ಚಿ ಕಾಗದದ ಮೇಲೆ ಒರೆಸುವುದು. ಉಂಡೆ ತೊಟ್ಟಿಕ್ಕುವಷ್ಟು ಒದ್ದೆಯಿದ್ದರೆ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಕೆಸರಾಗುತ್ತವೆ. ಸೀಮೆಎಣ್ಣೆ ಆರಿಹೋಗಿ ಪುಡಿ ಮಾತ್ರ ಉಳಿಯುತ್ತದೆ. ವಾಸನೆ ಪೂರ್ತಿ ಹೋಗುವವರೆಗೆ ಇಸ್ತ್ರಿಯೂ ಬೇಡ, ಒಲೆಯ ಹತ್ತಿರವೂ ಬೇಡ.

ಟ್ರೇಸಿಂಗ್ ವೀಲ್ ಜೊತೆ ಬಳಸುವುದು ಹೊಲಿಗೆಗೆಂದೇ ಮಾಡಿದ ಕಾರ್ಬನ್. ತಿಳಿ ಬಟ್ಟೆಯಾದರೆ ಕಾರ್ಬನ್ನೂ ಬೇಡ: ಡಿಸೈನನ್ನು ಕಿಟಕಿಯ ಗಾಜಿಗೆ ಅಂಟಿಸಿ, ಬಟ್ಟೆ ಹಾಸಿ, ಹಗಲ ಬೆಳಕಿನಲ್ಲಿ ನಕಲು ಮಾಡಬಹುದು. ಪೆನ್ಸಿಲ್ ಬಳಸುವುದಾದರೆ ಗಟ್ಟಿಯಾದ 2ಎಚ್, ಹಗುರ ಕೈ. ಗ್ರಾಫೈಟ್ ನೀರಿಗೆ ಕರಗುವುದಿಲ್ಲ. ಬಟ್ಟೆಯಡಿ ಉಪ್ಪುಕಾಗದ ಇಟ್ಟರೆ ಬಟ್ಟೆ ಜಾರುವುದಿಲ್ಲ.

ಬಣ್ಣವಿಲ್ಲದ ಗುರುತು

ಹೇರಾ ಜಪಾನಿನದು: ಮೂಳೆ ಅಥವಾ ಪ್ಲಾಸ್ಟಿಕ್‌ನ ಮೊಂಡು ಅಂಚು, ಒತ್ತಿ ಎಳೆದರೆ ಬಟ್ಟೆಯಲ್ಲಿ ಮಡಿಕೆ ನಿಲ್ಲುತ್ತದೆ. ಒಳಗೆ ಹತ್ತಿಯ ಪದರವಿದ್ದರೆ ಇನ್ನೂ ಸ್ಪಷ್ಟ. ಮೊಂಡು ಡಬ್ಬಣ ಅಥವಾ ಉಗುರು ಇದೇ ಕೆಲಸ ಮಾಡುತ್ತದೆ. ಮಾಸ್ಕಿಂಗ್ ಟೇಪ್ ನೇರ ಸಾಲಿಗೆ ಮಾತ್ರ. ಹೊಲಿದ ಕೂಡಲೇ ಕಿತ್ತುಬಿಡಿ, ಬಿಸಿಲಿಗೆ ಬಿಟ್ಟರೆ ಗೋಂದು ಉಳಿಯುತ್ತದೆ.

ಯಾವಾಗ ಗುರುತು ಹಾಕುವುದು ಎಂಬ ಪ್ರಶ್ನೆ ಎರಡು ಅಂಕಕ್ಕೆ ಬರಬಹುದು. ಪದರ ಜೋಡಿಸುವ ಮೊದಲು: ಪೆನ್ಸಿಲ್, ನೀಲಿ ಪೆನ್ನು, ಟ್ರೇಸಿಂಗ್. ಪದರ ಜೋಡಿಸಿ ಕಚ್ಚಾ ಹೊಲಿಗೆ ಹಾಕಿದ ಮೇಲೆ: ಬಳಪ, ಟೇಪ್, ಹೇರಾ. ಎಲ್ಲಕ್ಕೂ ಮುನ್ನ ಅದೇ ಬಟ್ಟೆಯ ಚೂರಿನ ಮೇಲೆ ಗೆರೆ ಎಳೆದು, ತೊಳೆದು, ಒಣಗಿಸಿ, ಇಸ್ತ್ರಿ ಮಾಡಿ ನೋಡುವುದು. ಈ ಸಾಲು ಬಿಟ್ಟ ಉತ್ತರ ಅಪೂರ್ಣ.

ಗೆರೆಯೇ ಇಲ್ಲದೆ ಹೊಲಿಯುವವರು

ಕರ್ನಾಟಕದ ಅತಿ ಚೆಂದದ ಕೌದಿಗಳಲ್ಲಿ ಗುರುತಿನ ಗೆರೆ ಇರುವುದಿಲ್ಲ. ಪಠ್ಯದಲ್ಲಿ ಈ ವಿಷಯಕ್ಕೆ ಹೆಚ್ಚಿನ ಜಾಗ ಸಿಗಬೇಕಿತ್ತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಕವಂದಿ ಎಂಬ ತಮ್ಮ ಕೌದಿಯನ್ನು ಒಂದು ಅಂಚಿನಿಂದ ಶುರುಮಾಡಿ ಸುತ್ತಲೂ ಹೊಲಿಯುತ್ತ ನಡುವಿಗೆ ಬರುತ್ತಾರೆ. ಹಿಂದಿನ ಸುತ್ತೇ ಮುಂದಿನದಕ್ಕೆ ಗೆರೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ‘ಫೂಲ’ ಇಲ್ಲದೆ ಕವಂದಿ ಮುಗಿಯಿತು ಅನ್ನುವುದಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಬಗ್ಗೆ ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಇವುಗಳ ಪ್ರದರ್ಶನ ನಡೆಯಿತು.

ಧಾರವಾಡ ಕಡೆಯ ಕಸೂತಿಯೂ ಹಾಗೆಯೇ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ನಾಲ್ಕೂ ಟಾಕಿಗೆ ಬಟ್ಟೆಯ ಎಳೆ ಎಣಿಸುವುದೇ ಅಳತೆ. ಟ್ರೇಸಿಂಗ್ ಇಲ್ಲ, ಗಂಟೂ ಇಲ್ಲ. ಗುರುತು ಬೇಡದ ಸಾಂಪ್ರದಾಯಿಕ ಹೊಲಿಗೆಗೆ ಎರಡು ಉದಾಹರಣೆ ಕೇಳಿದರೆ ಇವೆರಡನ್ನೇ ಬರೆಯಿರಿ. ಕಾರಣ ಕೇಳಿದರೆ ಒಂದಕ್ಕೆ ಹಿಂದಿನ ಸಾಲು, ಇನ್ನೊಂದಕ್ಕೆ ಎಳೆಯ ಎಣಿಕೆ.