ಮಳೆ ನೀರಿನಲ್ಲಿ ಏನಿದೆ?

ಅಕ್ಕಾ, ಮಳೆ ನೀರು ಅಂದರೆ ಶುದ್ಧ ನೀರು. ಹಾಗಂತ ನಮ್ಮ ಅಜ್ಜಿ ಹೇಳ್ತಿದ್ರು. ಆ ನೀರಲ್ಲಿ ಬೇಳೆ ಬೇಗ ಬೇಯುತ್ತೆ ಅಂತ ಸೂರಿನ ಕೆಳಗೆ ಬಿಂದಿಗೆ ಇಡ್ತಿದ್ರು.

ಈಗ ಮಳೆ ನೀರಿಗೂ ಒಂದು ವಸ್ತು ಸೇರಿದೆ. ಅದು ಕಣ್ಣಿಗೆ ಕಾಣದು.

ಕೊಳೆಯದ ವಸ್ತು

ತಿಪ್ಪೆಗೆ ಹಾಕಿದ ಎಲೆ ಕೊಳೆಯುತ್ತದೆ. ಹತ್ತಿ ಬಟ್ಟೆ ಮಣ್ಣಾಗುತ್ತದೆ. ಕಬ್ಬಿಣಕ್ಕೂ ತುಕ್ಕು ಹಿಡಿಯುತ್ತದೆ. ಈ ವಸ್ತು ಮಾತ್ರ ಕೊಳೆಯುವುದಿಲ್ಲ. ಇದರಲ್ಲಿ ಇಂಗಾಲ ಮತ್ತು ಫ್ಲೋರಿನ್ ಬಿಗಿಯಾಗಿ ಸೇರಿವೆ. ಆ ಗಂಟನ್ನು ಬಿಸಿಲು, ಮಣ್ಣು, ನೀರು ಬಿಚ್ಚಲಾರವು.

ಇಂಥ ವಸ್ತುಗಳು ಸಾವಿರಾರು ಇವೆ. ಎಲ್ಲಾ ಮನುಷ್ಯರೇ ಮಾಡಿದ್ದು. ದೋಸೆ ಅಂಟದ ಕಾವಲಿ, ನೀರು ಹಿಡಿಯದ ಬಟ್ಟೆ, ಬೆಂಕಿ ಆರಿಸುವ ನೊರೆ ತಯಾರಿಸಲು ಇವನ್ನು ಬಳಸಿದರು.

ಆಕಾಶಕ್ಕೆ ಹೋಗಿದ್ದು ಹೇಗೆ?

ಕಾರ್ಖಾನೆಯ ಹೊಗೆಯಲ್ಲಿ ಗಾಳಿಗೆ ಸೇರಿತು. ಕೊಳಕು ನೀರಿನಲ್ಲಿ ಹೊಳೆಗೆ ಹೋಯಿತು. ಹೊಳೆಯಿಂದ ಸಮುದ್ರಕ್ಕೆ ಹೋಯಿತು. ಅಲೆ ಒಡೆದಾಗ ಸಣ್ಣ ಹನಿಗಳ ಜೊತೆ ಮತ್ತೆ ಗಾಳಿಗೆ ಬಂತು. ಈಗ ಮಳೆಯಾಗಿ, ಹಿಮವಾಗಿ ಕೆಳಗೆ ಬೀಳುತ್ತಿದೆ.

ದಕ್ಷಿಣ ಧ್ರುವದ ಅಂಟಾರ್ಕ್ಟಿಕದಲ್ಲಿ ಊರಿಲ್ಲ, ಕಾರ್ಖಾನೆ ಇಲ್ಲ. ಅಲ್ಲಿಯ ಹಿಮದಲ್ಲೂ ಇದು ಸಿಕ್ಕಿದೆ. 2022ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಎಲ್ಲರಿಗೂ ತಿಳಿಸಿದರು.

ರಕ್ತ ಕೊಟ್ಟ ಜನ

ಅಮೆರಿಕದಲ್ಲಿ ಪಾರ್ಕರ್ಸ್‌ಬರ್ಗ್ ಎಂಬ ಊರಿದೆ. ಅದರ ಹತ್ತಿರ ಡ್ಯುಪಾಂಟ್ ಕಂಪನಿಯ ಕಾರ್ಖಾನೆ ಇತ್ತು. ಅಲ್ಲಿ ಸಿ-8 ಎಂಬ ಇಂಥ ವಸ್ತು ಬಳಸುತ್ತಿದ್ದರು. ಅದು ಸುತ್ತಲಿನ ಊರುಗಳ ಕುಡಿಯುವ ನೀರಿಗೆ ಸೇರಿತು. ಜನ ಸುಮ್ಮನೆ ಕೂರಲಿಲ್ಲ. ಕೋರ್ಟಿಗೆ ಹೋದರು. 2005 ಮತ್ತು 2006ರಲ್ಲಿ ಸುಮಾರು 69,000 ಜನ ಪರೀಕ್ಷೆಗೆ ಮುಂದೆ ಬಂದರು. ತಮ್ಮ ರಕ್ತ ಕೊಟ್ಟರು, ಕಾಯಿಲೆಗಳನ್ನು ಬರೆಸಿದರು.

ವಿಜ್ಞಾನಿಗಳು ಎಲ್ಲವನ್ನೂ ನೋಡಿ 2012ರಲ್ಲಿ ತೀರ್ಮಾನ ಹೇಳಿದರು. ಮೂತ್ರಪಿಂಡದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ಬಸುರಿಯರ ರಕ್ತದೊತ್ತಡ ಸೇರಿ 6 ಕಾಯಿಲೆಗಳಿಗೂ ಸಿ-8ಗೂ ನಂಟು ಇರಬಹುದು ಎಂದರು. 2019ರಲ್ಲಿ ಹಲವು ದೇಶಗಳು ಸೇರಿ ಸಿ-8 ನಿಲ್ಲಿಸಲು ಒಪ್ಪಿದವು. ಕೆಲವು ಬಳಕೆಗೆ ಮಾತ್ರ ವಿನಾಯಿತಿ ಕೊಟ್ಟರು. ಆದರೆ ಹೊರಗೆ ಬಿಟ್ಟ ಸಿ-8 ಇನ್ನೂ ಸುತ್ತುತ್ತಲೇ ಇದೆ.

ನಾವು ಏನು ಮಾಡೋಣ?

ಹೆದರಿ ಮಳೆ ನೀರು ಬಿಡಬೇಡಿ. ಮಳೆಯಲ್ಲಿ ಇದು ಇರುವುದು ಬಹಳ ಕಡಿಮೆ. ಕೋಲಾರ, ಪಾವಗಡದ ಕಡೆ ಕೊಳವೆ ಬಾವಿಯಲ್ಲಿ ಬರುವ ಫ್ಲೋರೈಡ್ ಬೇರೆ. ಅದು ಬಂಡೆಯಿಂದ ಬರುತ್ತದೆ. ಹಲ್ಲು, ಮೂಳೆ ಕೆಡಿಸುತ್ತದೆ. ಅಂಥ ಊರಿಗೆ ಮಳೆ ನೀರೇ ಮೇಲು.

ನೀರು ಕುದಿಸಿದರೆ ರೋಗಾಣು ಸಾಯುತ್ತವೆ. ಅದಕ್ಕೆ ಕುದಿಸಿಯೇ ಕುಡಿಯಿರಿ. ಆದರೆ ಈ ವಸ್ತು ಕುದಿಸಿದರೂ ಹೋಗದು, ಬಟ್ಟೆಯಲ್ಲಿ ಸೋಸಿದರೂ ಹೋಗದು. ಮನೆಯಲ್ಲಿ ಕೂತು ಆಕಾಶ ತೊಳೆಯೋಕಾಗಲ್ಲ. ಕಾರ್ಖಾನೆಯ ಬಾಗಿಲಲ್ಲೇ ಇದನ್ನು ತಡೆಯಬೇಕು.

ನಿಮ್ಮೂರ ಕೆರೆಗೆ ಕಾರ್ಖಾನೆ ನೀರು ಬರುತ್ತಾ? ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಅರ್ಜಿ ಬರೆಯಿರಿ. ಈಗ ನಿಮಗೆ ಬರೆಯೋಕೆ ಬರುತ್ತಲ್ಲ!

ಉತ್ತರ ಹೇಳಿ

1. ಎಲೆ ಕೊಳೆಯುತ್ತದೆ. ಈ ವಸ್ತು ಯಾಕೆ ಕೊಳೆಯುವುದಿಲ್ಲ?
2. ಪಾರ್ಕರ್ಸ್‌ಬರ್ಗ್ ಸುತ್ತಲಿನ ಜನ ಏನು ಮಾಡಿದರು?
3. ನಿಮ್ಮೂರ ಕೆರೆಯ ಬಗ್ಗೆ ಪಂಚಾಯಿತಿಗೆ 4 ಸಾಲು ಬರೆಯಿರಿ.